ಮುಂದಿನದು ಗೊತ್ತಿದ್ದವಳ ಕಥೆ

ಪುಸ್ತಕವನ್ನು ಯಾವ ಕಪಾಟಿನಲ್ಲಿಡಬೇಕು ಎಂಬುದು ಗ್ರಂಥಪಾಲಕರ ತಲೆನೋವು. ಆದರೂ ಅಮೆರಿಕದ ಲೇಖಕಿ ಡಯಾನಾ ಗ್ಯಾಬಲ್ಡನ್ 1991ರಲ್ಲಿ ಆರಂಭಿಸಿದ ‘ಔಟ್‌ಲ್ಯಾಂಡರ್’ ಕಾದಂಬರಿಮಾಲೆಯ ಮಾತು ಬಂದಾಗಲೆಲ್ಲ ಈ ಕಪಾಟಿನ ಪ್ರಶ್ನೆಯೇ ಮೊದಲು ಏಳುತ್ತದೆ. ಪ್ರೇಮಕಥೆ ಎಂದರೆ ಹೌದು. ಐತಿಹಾಸಿಕ ಕಾದಂಬರಿ ಎಂದರೆ ಅದೂ ಹೌದು. ನಾಯಕಿ ಇನ್ನೂರು ವರ್ಷ ಹಿಂದಕ್ಕೆ ಹೋಗಿಬಿಡುವುದರಿಂದ ವೈಜ್ಞಾನಿಕ ಕಥೆಗಳ ಪಕ್ಕದಲ್ಲೂ ಇಡಬಹುದು. ನಮ್ಮಲ್ಲಾದರೆ ‘ಹೆಂಗಸರು ಓದುವ ಕಾದಂಬರಿ’ ಎಂಬ ಇನ್ನೊಂದು ಕಪಾಟು ಇದೆ. ವಿಮರ್ಶಕರ ಕೈ ಅಲ್ಲಿಗೆ ಚಾಚುವುದು ಕಡಿಮೆ. ಒಂಬತ್ತು ಸಂಪುಟಗಳ, ಒಂದೊಂದೂ ತಲೆದಿಂಬಿನಷ್ಟು ದಪ್ಪವಿರುವ ಈ ಮಾಲೆಯ ಬಗ್ಗೆ ಒಬ್ಬ ಕನ್ನಡ ಅಧ್ಯಾಪಕಿ ಏಕೆ ಬರೆಯಬೇಕು ಎಂದು ಕೇಳುವವರಿದ್ದಾರೆ. ಇಪ್ಪತ್ತೈದು ವರ್ಷಕ್ಕೂ ಮೇಲೆ ನಾನು ಬಿಡದೆ ಓದಿದ ಏಕೈಕ ಕಥೆ ಇದು ಎಂಬ ಕಾರಣ ಸಾಕೆಂದು ನನಗೆ ತೋರುತ್ತದೆ.

ನನಗೆ ಇದು ಸಿಕ್ಕಿದ್ದು ಮಧ್ಯದಿಂದ. 1997ರಲ್ಲಿ ನಮ್ಮವರು ಮಸ್ಕತ್ತಿನಿಂದ ರಜೆಗೆ ಬಂದಾಗ ಅವರ ಪೆಟ್ಟಿಗೆಯಲ್ಲಿ ಟ್ಯಾಂಗ್ ಡಬ್ಬಿ, ನೀಡೊ ಹಾಲಿನ ಪುಡಿ, ಟೈಗರ್ ಬಾಮ್‌ಗಳ ನಡುವೆ ರಟ್ಟು ಕಿತ್ತುಹೋದ ಒಂದು ದಪ್ಪ ಪುಸ್ತಕವಿತ್ತು. ರೂಮಿನಲ್ಲಿ ಮೊದಲಿದ್ದ ಯಾರೋ ಬಿಟ್ಟುಹೋದದ್ದಂತೆ. “ನಿನಗೆ ಓದಲು ಏನಾದರೂ ಬೇಕಲ್ಲ, ತೂಕವೂ ಸರಿಹೋಯಿತು” ಎಂದರು. ಅದು ಮಾಲೆಯ ಮೂರನೆಯ ಸಂಪುಟ, ‘ವಾಯೇಜರ್’. ಮೊದಲ ಅಧ್ಯಾಯದಲ್ಲೇ ಒಬ್ಬ ಸೈನಿಕ ರಣರಂಗದಲ್ಲಿ ಬಿದ್ದುಕೊಂಡು, ತಾನು ಸತ್ತಿದ್ದೇನೆಂದು ಗಟ್ಟಿಯಾಗಿ ನಂಬಿದ್ದಾನೆ. ಆದರೆ ಸತ್ತವನಿಗೆ ಮೂಗು ಏಕೆ ನೋಯಬೇಕು ಎಂದು ಅವನಿಗೆ ಸಂಶಯ. ನನಗೆ ಅವನು ಯಾರೆಂದು ಗೊತ್ತಿಲ್ಲ, ಯುದ್ಧ ಯಾವುದೆಂದೂ ಗೊತ್ತಿಲ್ಲ. ಹಾಗಿದ್ದರೂ ಪುಸ್ತಕ ಕೆಳಗಿಡಲಾಗಲಿಲ್ಲ. ಮೊದಲ ಎರಡು ಸಂಪುಟಗಳು ಕೈಗೆ ಬಂದದ್ದು ಮತ್ತೆ ಎರಡು ವರ್ಷದ ಮೇಲೆ. ಹೀಗೆ ಅಗಲಿಕೆಯನ್ನು ಮೊದಲು ಓದಿ, ಮದುವೆಯನ್ನು ಆಮೇಲೆ ಓದಿದವಳು ನಾನು. ಈ ಮಾಲೆಯನ್ನು ಹಾಗೆ ಓದುವುದರಲ್ಲಿ ಒಂದು ಲಾಭವಿದೆ. ಅದನ್ನು ಹೇಳುವ ಮುಂಚೆ ಕಥೆಯನ್ನು ಸ್ವಲ್ಪ ಹೇಳಬೇಕು.

ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಕ್ಲೇರ್ ಎಂಬ ಇಂಗ್ಲಿಷ್ ದಾದಿ, ಇತಿಹಾಸದ ಅಧ್ಯಾಪಕನಾದ ಗಂಡ ಫ್ರಾಂಕ್ ಜೊತೆ ಸ್ಕಾಟ್ಲೆಂಡಿನ ಇನ್ವರ್ನೆಸ್‌ಗೆ ಬರುತ್ತಾಳೆ. ಯುದ್ಧ ಇಬ್ಬರನ್ನೂ ವರ್ಷಗಟ್ಟಲೆ ದೂರ ಇಟ್ಟಿತ್ತು. ಮತ್ತೆ ಗಂಡ ಹೆಂಡಿರಾಗಲು ಇದು ಅವರ ಎರಡನೆಯ ಮಧುಚಂದ್ರ. ಅಲ್ಲಿ ವೃತ್ತಾಕಾರವಾಗಿ ನಿಲ್ಲಿಸಿದ ಪ್ರಾಚೀನ ಕಲ್ಲುಗಳ ನಡುವೆ ಕಾಲಿಟ್ಟವಳು 1743ಕ್ಕೆ ಹೋಗಿ ಬೀಳುತ್ತಾಳೆ. ಎದುರಿಗೆ ಸಿಗುವವನು ಗಂಡನ ಮುಖವನ್ನೇ ಹೊತ್ತ ಅವನ ಪೂರ್ವಿಕ, ಕ್ರೂರಿಯಾದ ಇಂಗ್ಲಿಷ್ ಸೇನಾಧಿಕಾರಿ ಜ್ಯಾಕ್ ರಾಂಡಲ್. ಅವನ ಕೈಯಿಂದ ಪಾರಾಗಲು ಜೇಮಿ ಫ್ರೇಸರ್ ಎಂಬ ಬೆಟ್ಟಸೀಮೆಯ ಯುವಕನನ್ನು ಮದುವೆಯಾಗಬೇಕಾಗುತ್ತದೆ. ಮದುವೆ ಮೊದಲು, ಪ್ರೀತಿ ಆಮೇಲೆ. ನಮ್ಮ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇದನ್ನು ಬರೆದವರ ಕಥೆಯೂ ಸ್ವಾರಸ್ಯದ್ದೇ. ಗ್ಯಾಬಲ್ಡನ್ ಪ್ರಾಣಿಶಾಸ್ತ್ರ ಓದಿ, ಜೀವಿಗಳ ವರ್ತನೆಯ ಬಗ್ಗೆ ಡಾಕ್ಟರೇಟ್ ಪಡೆದು ಅರಿಜೋನಾದ ವಿಶ್ವವಿದ್ಯಾಲಯದಲ್ಲಿ ಕೆಲಸದಲ್ಲಿದ್ದವರು. ಮನೆಯಲ್ಲಿ ಚಿಕ್ಕ ಮಕ್ಕಳು. 1988ರಲ್ಲಿ, ಕಾದಂಬರಿ ಬರೆಯುವುದು ಹೇಗೆಂದು ಕಲಿಯಲು ಯಾರಿಗೂ ತೋರಿಸದ ಒಂದು ಅಭ್ಯಾಸಪುಸ್ತಕವೆಂದು ಶುರುಮಾಡಿದರು. ‘ಡಾಕ್ಟರ್ ಹೂ’ ಎಂಬ ಬ್ರಿಟಿಷ್ ದೂರದರ್ಶನ ಧಾರಾವಾಹಿಯ ಹಳೆಯ ಕಂತೊಂದರಲ್ಲಿ ಲಂಗದಂಥ ಕಿಲ್ಟ್ ಉಟ್ಟ ಸ್ಕಾಟಿಷ್ ಹುಡುಗನನ್ನು ನೋಡಿ, ಕಥೆಯನ್ನು 18ನೆಯ ಶತಮಾನದ ಸ್ಕಾಟ್ಲೆಂಡಿಗೆ ಒಯ್ದರಂತೆ. ಆಗ ಅವರು ಸ್ಕಾಟ್ಲೆಂಡನ್ನು ಕಂಡೇ ಇರಲಿಲ್ಲ. ಮೊದಲ ಕಾದಂಬರಿಯ ಮಳೆ, ಮಂಜು, ಹೀದರ್ ಗಿಡ, ಗೇಲಿಕ್ ಮಾತು ಎಲ್ಲ ಗ್ರಂಥಾಲಯದಿಂದ ಬಂದದ್ದು. ಕ್ರಮವಾಗಿ ಬರೆಯದೆ, ಕಣ್ಣಿಗೆ ಕಂಡ ಪ್ರಸಂಗವನ್ನು ಮೊದಲು ಬರೆದು ಆಮೇಲೆ ತುಂಡುಗಳನ್ನು ಜೋಡಿಸುವುದು ಅವರ ರೂಢಿ. ಹಳೆಯ ಸೀರೆಗಳಿಂದ ಕೌದಿ ಹೊಲಿಯುವವರಿಗೆ ಈ ರೀತಿ ಪರಿಚಿತ. ಇಂಗ್ಲೆಂಡಿನಲ್ಲಿ ಮೊದಲ ಸಂಪುಟ ಅಚ್ಚಾದದ್ದು ‘ಕ್ರಾಸ್ ಸ್ಟಿಚ್’ ಎಂಬ ಹೊಲಿಗೆಯ ಹೆಸರಿನಲ್ಲೇ.

ಇನ್ನು ನನ್ನ ಮುಖ್ಯ ಮಾತು. ಐತಿಹಾಸಿಕ ಕಾದಂಬರಿ ಓದುವವರಿಗೆ ಒಂದು ವಿಚಿತ್ರವಾದ ಸಂಕಟವಿದೆ. ಪಾತ್ರಗಳಿಗೆ ಗೊತ್ತಿಲ್ಲದ್ದು ನಮಗೆ ಗೊತ್ತು. ತ.ರಾ.ಸು. ಅವರ ‘ದುರ್ಗಾಸ್ತಮಾನ’ದ ಹೆಸರೇ ಕೊನೆಯನ್ನು ಹೇಳಿಬಿಡುತ್ತದೆ. 1779ರಲ್ಲಿ ಚಿತ್ರದುರ್ಗ ಹೈದರನ ಕೈಸೇರಿತೆಂದು ಶಾಲೆಯ ಪುಸ್ತಕದಲ್ಲೇ ಓದಿದ್ದೇವೆ. ಆದರೂ ಮದಕರಿನಾಯಕ ಒಂದೊಂದು ತೀರ್ಮಾನ ಮಾಡುವಾಗಲೂ ‘ಬೇಡ, ದೊರೆ, ಬೇಡ’ ಎಂದು ನಮ್ಮ ಒಳಗೆ ಯಾರೋ ಕೂಗುತ್ತಾರೆ. ಆ ಕೂಗು ಪುಸ್ತಕದ ಒಳಗೆ ಕೇಳಿಸುವುದಿಲ್ಲ. ಗ್ಯಾಬಲ್ಡನ್ ಮಾಡಿದ್ದು ಇಷ್ಟೆ: ಹಾಗೆ ಕೂಗುವ ಓದುಗಳನ್ನೇ ಎತ್ತಿ ಪುಸ್ತಕದ ಒಳಗೆ ಇಟ್ಟರು. ಕ್ಲೇರ್ ಎಂದರೆ ಅವಳೇ. ಫ್ರಾಂಕನ ಸಹವಾಸದಿಂದ ಅವಳಿಗೆ ಒಂದು ದಿನಾಂಕ ಗೊತ್ತು, 1746ರ ಏಪ್ರಿಲ್ 16. ಅಂದು ಇನ್ವರ್ನೆಸ್ ಬಳಿಯ ಕಲೋಡನ್ ಬಯಲಿನಲ್ಲಿ, ಸ್ಟುವರ್ಟ್ ರಾಜಕುಮಾರ ಚಾರ್ಲ್ಸ್‌ನ ಪರವಾಗಿ ನಿಂತ ಬೆಟ್ಟಸೀಮೆಯ ಸೈನ್ಯ ಒಂದು ಗಂಟೆಯೊಳಗೆ ನಾಶವಾಯಿತು. ಸತ್ತವರು ಸಾವಿರದೈನೂರಕ್ಕೆ ಕಡಿಮೆಯಿಲ್ಲ ಎನ್ನುತ್ತಾರೆ ಇತಿಹಾಸಕಾರರು. ಅವಳು ಪ್ರೀತಿಸುವ ಗಂಡ, ಅವನ ಒಕ್ಕಲು, ಊಟ ಬಡಿಸಿದವರು, ಅವಳು ಗಾಯಕ್ಕೆ ಪಟ್ಟಿ ಕಟ್ಟಿದ ಹುಡುಗರು ಎಲ್ಲ ಆ ಬಯಲಿಗೆ ಹೋಗುವವರು.

ಎರಡನೆಯ ಸಂಪುಟ ‘ಡ್ರಾಗನ್‌ಫ್ಲೈ ಇನ್ ಆಂಬರ್’ (1992) ಈ ತಿಳಿವಳಿಕೆ ಏನು ಮಾಡಬಲ್ಲದು ಎಂಬ ಪರೀಕ್ಷೆ. ಗಂಡ ಹೆಂಡತಿ ಪ್ಯಾರಿಸ್ಸಿಗೆ ಹೋಗಿ, ರಾಜಕುಮಾರನಿಗೆ ಹಣ ಹುಟ್ಟದ ಹಾಗೆ ಮಾಡಲು ಹೆಣಗುತ್ತಾರೆ. ಸುಳ್ಳು ಹೇಳುತ್ತಾರೆ, ಕುತಂತ್ರ ಮಾಡುತ್ತಾರೆ, ಒಂದು ಮಗುವನ್ನು ಕಳೆದುಕೊಳ್ಳುತ್ತಾರೆ. ರಾಜಕುಮಾರ ಹಡಗು ಹತ್ತಿ ಬಂದೇ ಬರುತ್ತಾನೆ. ಲೇಖಕಿಯ ಜಾಣತನ ಇರುವುದು ಕಥೆಯನ್ನು 1968ರಿಂದ ಆರಂಭಿಸಿದ್ದರಲ್ಲಿ. ವಯಸ್ಸಾದ ಕ್ಲೇರ್, ಇಪ್ಪತ್ತರ ಮಗಳು ಬ್ರಿಯಾನಳೊಂದಿಗೆ ಮತ್ತೆ ಇನ್ವರ್ನೆಸ್‌ಗೆ ಬಂದಿದ್ದಾಳೆ. ಎಂದರೆ ಸೋಲು ಆಗಿಹೋಗಿದೆ. ಓದುಗರಿಗೆ ಇತಿಹಾಸವಷ್ಟೇ ಅಲ್ಲ, ಕಥೆಯ ಅಂತ್ಯವೂ ಮೊದಲೇ ಗೊತ್ತು. ಮೂರನೆಯ ಸಂಪುಟದಿಂದ ಹಿಂದಕ್ಕೆ ಬಂದ ನನಗಂತೂ ಮೊದಲ ಸಂಪುಟದ ಮದುವೆಯ ರಾತ್ರಿಯನ್ನು ಓದುವಾಗಲೇ ಇವರು ಇಪ್ಪತ್ತು ವರ್ಷ ಅಗಲಿರುತ್ತಾರೆಂದು ತಿಳಿದಿತ್ತು. ನಗುವ ಪುಟಗಳಲ್ಲಿ ನಾನು ನಗಲಾರದೆ ಹೋದೆ. ಮಧ್ಯದಿಂದ ಓದಿದ ಲಾಭ ಎಂದದ್ದು ಇದನ್ನೇ. ಕ್ಲೇರಳ ಹೊರೆಯಲ್ಲಿ ಒಂದು ಪಾಲು ನನ್ನ ಹೆಗಲಿಗೂ ಬಂತು.

ಹಾಗಾದರೆ ಮುಂದಿನದು ತಿಳಿದಿರುವುದರಿಂದ ಏನೂ ಉಪಯೋಗವಿಲ್ಲವೆ? ಈ ಪ್ರಶ್ನೆಗೆ ಲೇಖಕಿ ಕೊಡುವ ಉತ್ತರ ಬಹಳ ಸಣ್ಣದು, ಆದ್ದರಿಂದಲೇ ನನಗೆ ದೊಡ್ಡದಾಗಿ ಕಂಡಿತು. ಕ್ಲೇರ್ ತನ್ನ ನಾದಿನಿ ಜೆನ್ನಿಗೆ ಹೇಳುತ್ತಾಳೆ: ಆಲೂಗಡ್ಡೆ ಹಾಕು. ಆ ಸೀಮೆಯಲ್ಲಿ ಆಗ ಆಲೂಗಡ್ಡೆ ಬೆಳೆಯುವ ರೂಢಿಯಿಲ್ಲ. ನಾದಿನಿ ಕಾರಣ ಕೇಳದೆ ಹಾಕಿಸುತ್ತಾಳೆ. ಯುದ್ಧದ ಮೇಲೆ ಬಂದ ಬರಗಾಲದಲ್ಲಿ ಆ ಮನೆ ಬದುಕಿ ಉಳಿಯುವುದು ಅದರಿಂದ. ರಾಜಕುಮಾರನನ್ನು ತಡೆಯಲಾರದವಳು ಒಂದು ಹೊಲದ ಬೆಳೆಯನ್ನು ಬದಲಿಸಿದಳು. ನೀರು ಕುದಿಸಿ, ಕೈ ತೊಳೆಯಿರಿ, ಗಾಯಕ್ಕೆ ಸಗಣಿ ಹಚ್ಚಬೇಡಿ ಎಂಬಂಥ ಅವಳ ವೈದ್ಯವೂ ಇದೇ ಅಳತೆಯದು. ಇತಿಹಾಸ ಬದಲಾಗುವುದಿಲ್ಲ, ಒಂದು ಮಗುವಿನ ಜ್ವರ ಇಳಿಯುತ್ತದೆ. ಮನೆ ನಡೆಸಿದ ಹೆಂಗಸರಿಗೆ ಈ ಲೆಕ್ಕ ಗೊತ್ತು.

ಅದೇ ತಿಳಿವಳಿಕೆಗೆ ಬೆಲೆಯೂ ತೆರಬೇಕಾಗುತ್ತದೆ. ಮೊದಲ ಸಂಪುಟದಲ್ಲಿ ಕ್ಲೇರಳನ್ನೂ ಗೀಲಿಸ್ ಎಂಬ ಇನ್ನೊಬ್ಬಳನ್ನೂ ಮಾಟಗಾತಿಯರೆಂದು ವಿಚಾರಣೆಗೆ ಎಳೆತರುತ್ತಾರೆ. ಗೀಲಿಸ್ ತೋಳು ತೋರಿಸಿದಾಗ ಅಲ್ಲಿ ಒಂದು ದುಂಡನೆಯ ಕಲೆ. ಊರವರಿಗೆ ಅದು ಸೈತಾನನ ಗುರುತು. ಕ್ಲೇರಳಿಗೆ ಮಾತ್ರ ಅದು ಸಿಡುಬಿನ ಚುಚ್ಚುಮದ್ದಿನ ಗುರುತು, ಇವಳೂ ತನ್ನಂತೆ ಮುಂದಿನ ಕಾಲದವಳು ಎಂಬುದಕ್ಕೆ ಸಾಕ್ಷಿ. ನಾವು ದಾಕು ಎನ್ನುತ್ತಿದ್ದ ಆ ಗುರುತು ನನ್ನ ತೋಳಿನಲ್ಲೂ ಇದೆ, ನನ್ನ ಮಗಳ ತೋಳಿನಲ್ಲಿ ಇಲ್ಲ. ಆ ಪುಟ ಓದುವಾಗ ಕೈ ತಾನಾಗಿ ತೋಳಿಗೆ ಹೋಯಿತು.

ಈಗ ‘ವಾಯೇಜರ್’ಗೆ ಬರುತ್ತೇನೆ. ಮಾಲೆಯಲ್ಲಿ ಒಂದೇ ಒಂದನ್ನು ಉಳಿಸಿಕೊಳ್ಳಿ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. ಗರ್ಭಿಣಿಯಾದ ಕ್ಲೇರ್ ಯುದ್ಧದ ಹಿಂದಿನ ಗಳಿಗೆಯಲ್ಲಿ ತನ್ನ ಕಾಲಕ್ಕೆ ಮರಳಿದ್ದಾಳೆ. ಫ್ರಾಂಕ್ ಆ ಮಗುವನ್ನು ತನ್ನದೆಂದೇ ಬೆಳೆಸಿದ್ದಾನೆ. ಬೋಸ್ಟನ್ನಿನಲ್ಲಿ ಅವಳು ಓದಿ ಶಸ್ತ್ರವೈದ್ಯೆಯಾಗಿದ್ದಾಳೆ. ಅತ್ತ ಜೇಮಿ ಸತ್ತಿಲ್ಲ. ಏಳು ವರ್ಷ ಗುಹೆಯಲ್ಲಿ ಅಡಗಿ, ಆಮೇಲೆ ಸೆರೆಮನೆ, ಜೀತ ಎಂದು ದಿನ ನೂಕಿದ್ದಾನೆ. ತಾಯಿ ಮಗಳು ಹಳೆಯ ಕಾಗದಪತ್ರಗಳಲ್ಲಿ ಅವನ ಜಾಡು ಹಿಡಿದು ಹುಡುಕುತ್ತಾರೆ. ಕೊನೆಗೆ ಎಡಿನ್‌ಬರೋದಲ್ಲಿ ಬೇರೆ ಹೆಸರಿನ ಒಬ್ಬ ಮುದ್ರಕನಾಗಿ ಸಿಗುತ್ತಾನೆ. ಹೋಗುವ ಮುನ್ನ ಐವತ್ತರ ಹತ್ತಿರದ ಈ ವೈದ್ಯೆ ತನ್ನ ಸಹೋದ್ಯೋಗಿ ಮಿತ್ರನನ್ನು ಸಂಕೋಚಪಟ್ಟು ಕೇಳುತ್ತಾಳೆ, ತಾನು ನೋಡಲು ಇನ್ನೂ ಚೆನ್ನಾಗಿದ್ದೇನೆಯೆ ಎಂದು. ಮುದ್ರಣಾಲಯದ ಬಾಗಿಲು ತೆರೆದು ನಿಂತಾಗ, ಯುದ್ಧ ಸೆರೆಮನೆ ಎಲ್ಲ ಕಂಡ ಆ ಗಂಡಸು ಮೂರ್ಛೆ ಹೋಗುತ್ತಾನೆ. ಎದ್ದ ಮೇಲೆ ಅವಳು ಬಣ್ಣದ ಛಾಯಾಚಿತ್ರಗಳನ್ನು ಕೈಗಿಡುತ್ತಾಳೆ. ಛಾಯಾಚಿತ್ರ ಎಂಬುದನ್ನೇ ಕಂಡರಿಯದ ತಂದೆ, ಕಾಣದ ಮಗಳನ್ನು ನೋಡುತ್ತಾನೆ.

ನಮ್ಮವರು 1986ರಲ್ಲಿ ಮಸ್ಕತ್ತಿಗೆ ಹೋದವರು 2005ರಲ್ಲಿ ಮರಳಿದರು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಕರಾವಳಿಯಲ್ಲಿ ಇದೇನೂ ವಿಶೇಷವಲ್ಲ. ನಮ್ಮ ಓಣಿಯಲ್ಲೇ ಆಗ ಅಂಥ ಆರು ಮನೆಗಳಿದ್ದವು. ವಿಶೇಷವಲ್ಲದ್ದರಿಂದಲೇ ಯಾರೂ ಅದರ ಬಗ್ಗೆ ಬರೆಯುವುದಿಲ್ಲ. ರಜೆಗೆ ಬಂದ ಮೊದಲ ವಾರ ಮನೆಯಲ್ಲಿ ಒಬ್ಬ ನೆಂಟರಿದ್ದ ಹಾಗೆ. ಅವರಿಗೆ ಟವೆಲು ಎಲ್ಲಿದೆಯೆಂದು ಗೊತ್ತಿರುವುದಿಲ್ಲ, ಮಗಳು ಏನು ತಿನ್ನುವುದಿಲ್ಲವೆಂದು ಗೊತ್ತಿರುವುದಿಲ್ಲ. ಕಿವಿಯ ಬಳಿ ಕಂಡ ಹೊಸ ಬಿಳಿಕೂದಲಿನ ಬಗ್ಗೆ ಕೇಳಲು ನನಗೆ ನಾಚಿಕೆ. ಆ ವಾರದ ಸಂಕೋಚವನ್ನು, ಪ್ರೀತಿ ಇದ್ದೂ ಗುರುತು ಸಿಗದ ಆ ತಡವರಿಕೆಯನ್ನು ನಾನು ಪುಸ್ತಕದಲ್ಲಿ ಕಂಡದ್ದು ಇಲ್ಲಿ. ಕ್ಲೇರ್ ಮತ್ತು ಜೇಮಿ ಒಬ್ಬರನ್ನೊಬ್ಬರು ಮುಟ್ಟಲು ಅಂಜುತ್ತಾರೆ. ನಡುವಿನ ವರ್ಷಗಳಲ್ಲಿ ನೀನು ಯಾರಾಗಿದ್ದೆ ಎಂದು ಕೇಳಬೇಕಾಗುತ್ತದೆ, ಮತ್ತು ಉತ್ತರ ಯಾವಾಗಲೂ ಸಿಹಿಯಲ್ಲ. ಜೇಮಿ ನಡುವೆ ಇನ್ನೊಂದು ಮದುವೆಯಾಗಿದ್ದನ್ನು ಬಾಯಿಬಿಡದೆ ಇಟ್ಟುಕೊಂಡಿದ್ದು ಹೊರಬಿದ್ದಾಗ ನಡೆಯುವ ಜಗಳ ಮಾಲೆಯ ಅತ್ಯುತ್ತಮ ಜಗಳ. ಕಾಲಪ್ರಯಾಣದ ಕಲ್ಲು, ವಿಮಾನದ ಟಿಕೇಟು ಎರಡೂ ಒಂದೇ ಕೆಲಸ ಮಾಡುತ್ತವೆ ಎಂದು ನನಗೆ ಅನ್ನಿಸಿದೆ.

ಪ್ರೇಮಕಾದಂಬರಿಗಳು ಸಾಮಾನ್ಯವಾಗಿ ಮದುವೆಯ ಬಾಗಿಲಲ್ಲಿ ನಿಂತುಬಿಡುತ್ತವೆ. ಇದು ಆ ಬಾಗಿಲನ್ನು ದಾಟಿ ಮೂವತ್ತು ವರ್ಷ ಒಳಗೆ ಬರುತ್ತದೆ. ನಾಲ್ಕನೆಯ ಸಂಪುಟದಿಂದ ಕಥೆ ಅಮೆರಿಕದ ನಾರ್ತ್ ಕೆರೊಲಿನಾಕ್ಕೆ ಹೋಗುತ್ತದೆ. ಕಾಡು ಕಡಿದು ಮನೆ ಕಟ್ಟುವುದು, ಮಗಳು ಅಳಿಯ ಕಾಲ ದಾಟಿ ಬಂದು ಸೇರುವುದು, ಮೊಮ್ಮಕ್ಕಳು, ಮಂಡಿನೋವು, ಬೂಷ್ಟಿನಿಂದ ಪೆನಿಸಿಲಿನ್ ತೆಗೆಯುವ ಪ್ರಯತ್ನ, ಮುಂದೆ ಅಮೆರಿಕದ ಸ್ವಾತಂತ್ರ್ಯಯುದ್ಧ. ಅಜ್ಜ ಅಜ್ಜಿಯರಾದ ನಾಯಕ ನಾಯಕಿಯರ ಶೃಂಗಾರವನ್ನು ನಾಚದೆ ಬರೆದದ್ದಕ್ಕೆ ಈ ಲೇಖಕಿಗೆ ನಮಸ್ಕಾರ ಹೇಳಬೇಕು.

ದೋಷಗಳು ಸಣ್ಣವಲ್ಲ. ಮೊದಲ ಸಂಪುಟದಲ್ಲಿ ಜೇಮಿ ಹೆಂಡತಿಗೆ ಸೊಂಟಪಟ್ಟಿಯಿಂದ ಹೊಡೆಯುತ್ತಾನೆ. ಕಾಲಧರ್ಮ ಹಾಗಿತ್ತೆಂದು ಕಥೆ ಅದನ್ನು ಬೇಗ ದಾಟಿಸುತ್ತದೆ. ಹಾಸ್ಯದ ಲೇಪವೂ ಸ್ವಲ್ಪ ಇದೆ. ನನಗೆ ಆ ಪುಟಗಳು ಈಗಲೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಜ್ಯಾಕ್ ರಾಂಡಲ್‌ನಿಂದ ಜೇಮಿಯ ಮೇಲೆ ಸೆರೆಮನೆಯಲ್ಲಿ ನಡೆಯುವ ಅತ್ಯಾಚಾರವನ್ನು ಲೇಖಕಿ ಗಂಭೀರವಾಗಿ, ಅದರ ಗಾಯ ಎಷ್ಟು ವರ್ಷ ಉಳಿಯುತ್ತದೆ ಎಂಬುದನ್ನೂ ಮರೆಯದೆ ಬರೆದಿದ್ದಾರೆ. ಆದರೆ ಮುಂದೆ ಮಗಳಿಗೂ, ಕ್ಲೇರಳಿಗೂ ಅದೇ ಆಗುವಾಗ ಇದು ಕಥೆ ಓಡಿಸುವ ಅಭ್ಯಾಸವಾಗಿಬಿಟ್ಟಿತೆ ಎಂದು ಕೇಳಲೇಬೇಕಾಗುತ್ತದೆ. ‘ವಾಯೇಜರ್’ನಲ್ಲಿ ಬರುವ ಚೀನೀ ಪಾತ್ರವಂತೂ ಮನುಷ್ಯನಿಗಿಂತ ವ್ಯಂಗ್ಯಚಿತ್ರಕ್ಕೆ ಹತ್ತಿರ. ಗುಲಾಮರ ವಿಷಯದಲ್ಲಿ ಕ್ಲೇರ್ ಮನಸ್ಸಾಕ್ಷಿಯುಳ್ಳವಳು. ಜೇಮಿಯ ಚಿಕ್ಕಮ್ಮ ಗುಲಾಮರ ಸಮೇತ ತೋಟವನ್ನು ಕೊಡಬಂದಾಗ ಇಬ್ಬರೂ ಅದನ್ನು ಬಿಟ್ಟು ಬೆಟ್ಟಕ್ಕೆ ಹೋಗುತ್ತಾರೆ. ಆದರೆ ಬೆಟ್ಟದ ಆ ನೆಲ ಮೊದಲು ಯಾರದ್ದಾಗಿತ್ತು? ರಾಜನ ಗವರ್ನರು ಹತ್ತು ಸಾವಿರ ಎಕರೆ ಬರೆದುಕೊಟ್ಟರೆ ಅದು ಕೊಡುವವನ ಸ್ವತ್ತಾಗಿತ್ತೆ? ಈ ಪ್ರಶ್ನೆ ಪುಸ್ತಕಗಳಲ್ಲಿ ಕೇಳಿಸುತ್ತದೆ, ಆದರೆ ಮೆಲ್ಲಗೆ. ಐದನೆಯ ಸಂಪುಟದಲ್ಲಿ ಒಂದೇ ದಿನ ನೂರಾರು ಪುಟ ಉಳಿದುಕೊಳ್ಳುವುದನ್ನು ಓದಿ ಮುಗಿಸಲು ತಾಳ್ಮೆ ಬೇಕು.

ಸೋತವರಿಗೆ ಕಲೋಡನ್ ಆದ ಮೇಲೆ ಏನಾಯಿತು ಎಂಬುದಕ್ಕೆ ಮಾಲೆ ಆರಿಸಿಕೊಂಡದ್ದು ಅಮೆರಿಕದ ದಾರಿಯನ್ನು. ಇನ್ನೊಂದು ದಾರಿ ನಮ್ಮ ಕಡೆಗೇ ಬಂದಿತ್ತು. ಬಂಡಾಯದ ನಂತರ ಬ್ರಿಟಿಷ್ ಸರ್ಕಾರ ಬೆಟ್ಟಸೀಮೆಯ ಗಂಡಸರು ಕಿಲ್ಟ್ ಉಡುವುದನ್ನು ಕಾನೂನಿನಿಂದ ನಿಷೇಧಿಸಿತು. 1782ರವರೆಗೂ ಆ ನಿಷೇಧ ಇತ್ತು. ವಿನಾಯಿತಿ ಇದ್ದದ್ದು ರಾಜನ ಸೈನ್ಯಕ್ಕೆ ಸೇರಿದವರಿಗೆ. ತಮ್ಮ ಉಡುಪನ್ನು ಉಡಬೇಕಾದರೆ ತಮ್ಮನ್ನು ಸೋಲಿಸಿದವರ ಸಂಬಳ ತಿನ್ನಬೇಕು. ಕ್ರೋಮಾರ್ಟಿಯ ಸರದಾರನ ಮಗ ಲಾರ್ಡ್ ಮೆಕ್ಲೌಡ್ ರಾಜಕುಮಾರನ ಪರವಾಗಿ ಹೋರಾಡಿ, ಕಲೋಡನ್ ಯುದ್ಧದ ಹಿಂದಿನ ದಿನ ಸೆರೆಸಿಕ್ಕವನು. ಕ್ಷಮೆ ಪಡೆದು, ಪರದೇಶದಲ್ಲಿ ಸೈನ್ಯ ಸೇವೆ ಮಾಡಿ, 1777ರಲ್ಲಿ ಅದೇ ರಾಜಮನೆತನಕ್ಕಾಗಿ ಬೆಟ್ಟಸೀಮೆಯವರ ಒಂದು ಪಡೆ ಕಟ್ಟಿದ. ಆ ಪಡೆ 1780ರಲ್ಲಿ ಮದರಾಸಿಗೆ ಬಂತು. ಚಿತ್ರದುರ್ಗ ಬಿದ್ದ ಮರುವರ್ಷ ಅದು. ಅದರ ಎರಡು ತುಕಡಿಗಳು ಅದೇ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನಲ್ಲಿ ಹೈದರ್, ಟಿಪ್ಪುವಿನ ಸೈನ್ಯಕ್ಕೆ ಸಿಕ್ಕಿ ನುಚ್ಚುನೂರಾದವು. ಉಳಿದವರಲ್ಲಿ ಹಲವರು ಶ್ರೀರಂಗಪಟ್ಟಣದ ಸೆರೆಯಲ್ಲಿ 1784ರವರೆಗೆ ಕೊಳೆತರು. ಶಾಲೆಯ ಪ್ರವಾಸದಲ್ಲಿ ದರಿಯಾ ದೌಲತ್ ಗೋಡೆಯ ಮೇಲೆ ನಾವು ನೋಡಿದ ಯುದ್ಧದ ಚಿತ್ರ ಅದರದ್ದೇ. ಅವರೊಂದಿಗೆ ಸೆರೆಯಲ್ಲಿದ್ದ ಡೇವಿಡ್ ಬೇರ್ಡ್ ಎಂಬ ಕ್ಯಾಪ್ಟನ್ 1799ರ ಮೇ 4ರಂದು ಅದೇ ಕೋಟೆಯನ್ನು ಹತ್ತಿದ ದಾಳಿಯ ಮುಖಂಡ.

ಇದನ್ನು ತಿಳಿದುಕೊಂಡ ಮೇಲೆ ಮಾಲೆಯನ್ನು ಮೊದಲಿನಂತೆ ಓದಲಾಗಲಿಲ್ಲ. ಕಲೋಡನ್ನಿನಲ್ಲಿ ಹುಡುಗರು ಸಾಯುವುದನ್ನು ಓದುವಾಗ ಅಳು ಬರುತ್ತದೆ. ಬದುಕಿದ್ದವರು ಮೂವತ್ತು ವರ್ಷದ ಮೇಲೆ ಯಾರ ಕೋಟೆಯ ಮುಂದೆ ಬಂದು ನಿಲ್ಲುತ್ತಾರೆಂದೂ ಮನಸ್ಸು ಹೇಳುತ್ತಿರುತ್ತದೆ. ಕ್ಲೇರಳಿಗೂ ಗೊತ್ತಿರದ ಒಂದು ಮುಂದಿನ ಸಂಗತಿ ಕನ್ನಡದ ಓದುಗರಿಗೆ ಗೊತ್ತು. ಅದರಿಂದ ಕರುಣೆ ಕಡಿಮೆಯಾಗಲಿಲ್ಲ. ಅದು ಎರಡು ಕಡೆಗೂ ಹಂಚಿಹೋಯಿತು, ಅಷ್ಟೆ.

ಇಂಥ ಕಥೆಗಳು ನಿಜವಾದ ಸತ್ತವರನ್ನು ಮರೆಸುವುದಿಲ್ಲವೆ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. 2014ರಲ್ಲಿ ಈ ಮಾಲೆ ದೂರದರ್ಶನ ಧಾರಾವಾಹಿಯಾದ ಮೇಲೆ ಕಲೋಡನ್ ಬಯಲಿಗೆ ಬರುವವರು ಹೆಚ್ಚಿ, ಫ್ರೇಸರ್ ಕುಲದ ಸಮಾಧಿಕಲ್ಲಿನ ಸುತ್ತಲಿನ ಹುಲ್ಲು ತುಳಿತಕ್ಕೆ ಸಿಕ್ಕಿ ಹಾಳಾಯಿತು, ರಕ್ಷಣೆಗೆ ಬೇಲಿ ಹಾಕಬೇಕಾಯಿತು. ಹುಟ್ಟೇ ಇಲ್ಲದ ಒಬ್ಬ ಜೇಮಿಗಾಗಿ ಹೂವಿಡಲು ಬಂದವರ ಕಾಲ ಕೆಳಗೆ ನಿಜವಾಗಿ ಸತ್ತವರು ಮಲಗಿದ್ದಾರೆ. ಆದರೆ ನನ್ನನ್ನೇ ನೋಡಿಕೊಂಡರೆ, ಆ ಬಯಲಿನ ಹೆಸರನ್ನು ನಾನು ಕೇಳಿದ್ದು ರಟ್ಟಿಲ್ಲದ ಆ ಪುಸ್ತಕದಿಂದ. ಮೆಕ್ಲೌಡನನ್ನು ಹುಡುಕಿಕೊಂಡು ಕಾಲೇಜಿನ ಗ್ರಂಥಾಲಯದ ಧೂಳು ಹಿಡಿದ ಕಪಾಟಿಗೆ ಹೋದದ್ದೂ ಅದರಿಂದಲೇ.

ಓದಬೇಕೆಂದಿರುವವರಿಗೆ ನನ್ನ ಸಲಹೆ ಇಷ್ಟು. ಮೊದಲ ಮೂರು ಸಂಪುಟಗಳನ್ನು ಓದಿ. ಅಲ್ಲಿಗೆ ಒಂದು ವೃತ್ತ ಪೂರ್ತಿಯಾಗುತ್ತದೆ. ಆ ಗಂಡ ಹೆಂಡತಿಯ ಮನೆ ನಿಮಗೆ ಹಿಡಿಸಿದರೆ ಮಾತ್ರ ಮುಂದಿನದಕ್ಕೆ ಹೋಗಿ. ಒಂಬತ್ತನೆಯದು 2021ರಲ್ಲಿ ಬಂತು, ಹತ್ತನೆಯದರೊಂದಿಗೆ ಇವರಿಬ್ಬರ ಕಥೆ ಮುಗಿಸುವುದಾಗಿ ಲೇಖಕಿ ಹೇಳಿದ್ದಾರೆ. ಮುಗಿಯುವುದು ಹೇಗೆಂದು ನಮಗೆ ಗೊತ್ತಿಲ್ಲ. ಇಷ್ಟು ಕಾಲ ಮುಂದಿನದೆಲ್ಲ ತಿಳಿದು ಓದಿದವರಿಗೆ, ಈ ಒಂದು ಸಲವಾದರೂ ತಿಳಿಯದೆ ಕಾಯುವ ಸುಖ ಉಳಿದಿದೆ.